ಎರಡು ಮೂಟೆ ತೆಂಗಿನಕಾಯಿಯೊಡನೆ ಮರಳುಗಾಡಿಗೆ

ಹೋದ ವಾರ ಅರಸೀಕೆರೆ ಬಸ್ ಸ್ಟ್ಯಾಂಡಿನ ಎದುರು ಎಳನೀರು ಕುಡಿಯುತ್ತ ನಿಂತಿದ್ದೆ. ಒಂದು ಕಾರು ಬಂದು ಪಕ್ಕದಲ್ಲಿ ನಿಂತಿತು. ಒಳಗಿದ್ದ ಗಂಡಹೆಂಡತಿಯ ಮೊಬೈಲು ದಾರಿ ತೋರಿಸುವುದನ್ನು ನಿಲ್ಲಿಸಿತ್ತಂತೆ. "ಹಳೇಬೀಡಿಗೆ ಹೇಗೆ ಹೋಗೋದು ಸಾರ್?" ಎಂದರು. ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವನನ್ನು ಹಳೇಬೀಡಿನ ದಾರಿ ಕೇಳಿದರೆ ಅಷ್ಟು ಸುಲಭಕ್ಕೆ ಬಿಡುತ್ತಾನೆಯೇ? ಎಳನೀರು ಬದಿಗಿಟ್ಟು ಶುರುಮಾಡಿದೆ. "ನೇರ ಬಾಣಾವರಕ್ಕೆ ಹೋಗಿ. ಊರು ದಾಟಿದ ಮೇಲೆ ಒಂದು ಕೆರೆ ಏರಿ ಸಿಗುತ್ತೆ. ಏರಿ ಇಳಿದ ಕೂಡಲೇ ದೊಡ್ಡ ಹುಣಸೇಮರ ಇತ್ತು. ಅಲ್ಲಿಂದ ಜಾವಗಲ್ ದಾರಿ ಹಿಡೀರಿ." ಆಕೆ ಮೆಲ್ಲಗೆ ಕೇಳಿದರು, "ಇತ್ತು ಅಂದ್ರೆ, ಈಗ ಇಲ್ವಾ ಸಾರ್?"

"ಇಲ್ಲ, ರಸ್ತೆ ಅಗಲ ಮಾಡೋವಾಗ ಕಡಿದುಬಿಟ್ರು. ಆದ್ರೆ ಗುರುತು ಅದೇ" ಎಂದೆ. ಗಂಡ ಗಾಜು ಏರಿಸಿದ. ಕಾರು ಹೋಗಿ ಎದುರಿನ ಆಟೋ ಸ್ಟ್ಯಾಂಡಿನಲ್ಲಿ ನಿಂತು ಅದೇ ಪ್ರಶ್ನೆ ಕೇಳಿತು.

ನಮ್ಮ ಕಡೆ ದಾರಿ ಹೇಳುವುದೇ ಹೀಗೆ. ಕೆರೆ, ಮರ, ಗುಡಿ, ಯಾರದೋ ಮನೆಯ ಜಗಲಿ, ಇವುಗಳ ಲೆಕ್ಕದಲ್ಲೇ ನಾವು ಬದುಕಿದ್ದೇವೆ. ಮರ ಬಿದ್ದುಹೋದರೂ ಅದರ ಗುರುತು ಬೀಳುವುದಿಲ್ಲ. ಊರಿನಲ್ಲಿದ್ದಷ್ಟು ದಿನ ಈ ಅಭ್ಯಾಸದಿಂದ ಯಾರಿಗೂ ಹೇಳಿಕೊಳ್ಳುವಂಥ ತೊಂದರೆಯಾಗಿರಲಿಲ್ಲ. ಇದನ್ನು ಕಟ್ಟಿಕೊಂಡು ರಾಜಸ್ಥಾನದ ಮರಳುಗಾಡಿಗೆ ಹೋದೆ ನೋಡಿ, ಅಲ್ಲಿ ಆಯಿತು ನನಗೆ ಮರ್ಯಾದೆ.

ಅರವತ್ತು ದಾಟಿದ ಮೇಷ್ಟ್ರಿಗೆ ಮರಳುಗಾಡಿನಲ್ಲಿ ಏನು ಕೆಲಸ ಎಂದು ನೀವು ಕೇಳುತ್ತೀರಿ. ಎಲ್ಲ ಆ ಜೀಪಿನ ದೆಸೆಯಿಂದ.

ಅದು ಮಿಲಿಟರಿಯವರು ಓಡಿಸಿ ಓಡಿಸಿ ಸಾಕಾಗಿ ಹರಾಜು ಹಾಕಿದ್ದ ಗಾಡಿ. ನಮ್ಮಪ್ಪ ಕೊಂಡುತಂದ. ಕಣಕಟ್ಟೆ ಹತ್ತಿರದ ನಮ್ಮ ತೋಟದ ಮನೆಯಲ್ಲಿ ತೆಂಗಿನಕಾಯಿಯ ಅಟ್ಟವೊಂದಿದೆ. ಕಾಯಿ ಸಿಪ್ಪೆಯೊಳಗೇ ಒಣಗಿ ಉಂಡೆ ಕೊಬ್ಬರಿಯಾಗುವವರೆಗೆ, ಅಂದರೆ ಹೆಚ್ಚುಕಡಿಮೆ ಒಂದು ವರ್ಷ, ಅಲ್ಲೇ ಕೂತಿರಬೇಕು. ಜೀಪು ನಿಲ್ಲುತ್ತಿದ್ದುದು ಆ ಅಟ್ಟದ ಕೆಳಗೆ. ಚಿಕ್ಕಂದಿನಲ್ಲಿ ನಾವು ಜೀಪಿನ ಬಾನೆಟ್ ಮೇಲೆ ಹತ್ತಿ ನಿಂತು, ಅಟ್ಟದ ಸಂದಿಯಿಂದ ಒಂದೊಂದೇ ಕಾಯಿ ಎಳೆದು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದೆವು. ಒಳಗೆ ಗುಡುಗುಡು ಅಂದರೆ ಕೊಬ್ಬರಿ ಆಗಿದೆ ಎಂದು ಅರ್ಥ. ನಾನು ಯಾವ ಕಾಯಿ ಎಳೆದರೂ ಅದರಲ್ಲಿ ನೀರೇ ಇರುತ್ತಿತ್ತು. ಅಕ್ಕ ಎಳೆದದ್ದು ಗುಡುಗುಡು ಅನ್ನುತ್ತಿತ್ತು. ಆ ವಯಸ್ಸಿನಲ್ಲೇ ನನಗೆ ನನ್ನ ಬಗ್ಗೆ ಸ್ವಲ್ಪ ತಿಳಿಯಬೇಕಿತ್ತು, ತಿಳಿಯಲಿಲ್ಲ.

ಅಕ್ಕ ಅಂದರೆ ಗೌರಕ್ಕ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಮದುವೆ ಬೇಡ ಅಂದಳು, ಅಂದ ಹಾಗೇ ನಡೆದುಕೊಂಡಳು. ಅಪ್ಪ ಹೋದ ಮೇಲೆ ತೋಟ, ರಾಗಿ ಹೊಲ, ಆಳುಕಾಳು ಎಲ್ಲವನ್ನೂ ಅವಳೇ ನೋಡಿಕೊಂಡಳು. ನಾನು ಪೇಟೆಯಲ್ಲಿ ಕೂತು ಹೊಯ್ಸಳರನ್ನು ನೋಡಿಕೊಂಡೆ. ಜೀಪು ಮಾತ್ರ ಗಂಡುಮಗನ ಪಾಲಿಗೆ ಅಂತ ನನ್ನ ಹೆಸರಿಗೆ ಬಂತು. ನನಗೆ ಹದಿನಾರು ತುಂಬಿದಾಗ ಅಪ್ಪ ಒಣಗಿದ ಕೆರೆ ಅಂಗಳದಲ್ಲಿ ಅದನ್ನು ಓಡಿಸುವುದು ಕಲಿಸಿದ್ದ. ಅಷ್ಟು ದೊಡ್ಡ ಅಂಗಳದಲ್ಲಿ ಇದ್ದದ್ದು ಒಂದೇ ಹುಲ್ಲಿನ ಬಣವೆ, ನಾನು ಹೋಗಿ ಅದಕ್ಕೇ ಗುದ್ದಿದೆ. ಎರಡನೇ ಗೇರು ಹಾಕಿದಾಗಲೆಲ್ಲ ಗಾಡಿ ಹಲ್ಲು ಕಡಿಯುತ್ತಿತ್ತು. "ಗೇರಿಗೂ ಜೀವ ಐತೆ ಕಣ್ಲಾ" ಎಂದು ಅಪ್ಪ ಬೇಸರದಿಂದ ಹೇಳುತ್ತಿದ್ದ.

ಮೇಷ್ಟ್ರ ಕೈಗೆ ಬಂದ ಮೇಲೆ ಜೀಪು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಸೀಟಿನ ಸ್ಪಂಜಿನಲ್ಲಿ ಇಲಿಗಳು ತಲೆಮಾರುಗಟ್ಟಲೆ ಸಂಸಾರ ಮಾಡಿದವು. ಒಂದು ದಿನ ಅಕ್ಕ ಹೇಳಿದಳು, "ಇನ್ನೊಂದು ಅಟ್ಟ ಕಟ್ಟಿಸ್ಬೇಕು ಕಣ್ಲಾ. ಓಡ್ದೇ ಇರೋ ಗಾಡಿಗೆ ಇಷ್ಟು ಜಾಗ ಯಾಕೆ? ಗುಜರಿಗೆ ಹಾಕಾಣ."

ನನಗೆ ರೋಷ ಬಂತು. ಹಿಂದಿನ ದಿನ ತಾನೆ ನನ್ನ ಹಳೇ ವಿದ್ಯಾರ್ಥಿಯೊಬ್ಬ ಫೋನಿನಲ್ಲಿ, ಮರಳುಗಾಡಿನಲ್ಲಿ ಮೂರು ದಿನದ ರೇಸೊಂದು ನಡೆಯುತ್ತದೆ, ಅದರಲ್ಲಿ ಹಳೇ ಜೀಪುಗಳಿಗೇ ಬೇರೆ ವಿಭಾಗವಿದೆ ಎಂದಿದ್ದ. ಹಿಂದೆಮುಂದೆ ನೋಡದೆ ಹೇಳಿಬಿಟ್ಟೆ: "ಓಡಲ್ವಾ? ಮರಳುಗಾಡಿನ ರೇಸಲ್ಲಿ ಓಡುತ್ತೆ ಇದು."

"ಓಡ್ಸು ನೋಡಾಣ" ಎಂದಳು ಅಕ್ಕ. ಮಾತಿಗೆ ಮಾತು ಬೆಳೆದು ಕೊನೆಗೆ ಕರಾರಾಯಿತು. ರೇಸು ಪೂರ್ತಿ ಮುಗಿಸಿ ಗೆರೆ ಮುಟ್ಟಿದರೆ ಜೀಪು ಅಟ್ಟದ ಕೆಳಗೇ ಇರುತ್ತದೆ, ನಾನಿರುವ ತನಕ ಯಾರೂ ಮಾತೆತ್ತುವಂತಿಲ್ಲ. ಮುಟ್ಟದಿದ್ದರೆ ಜೀಪು ನನ್ನದಲ್ಲ, ಅಕ್ಕ ಏನು ಬೇಕಾದರೂ ಮಾಡಬಹುದು. "ಮುಟ್ಟಿದ್ಯೋ ಇಲ್ವೋ ಅಂತ ನೋಡಕ್ಕೆ ನಾನೂ ಬತ್ತೀನಿ. ನಿನ್ ಬಾಯಿ ನಂಬಂಗಿಲ್ಲ" ಎಂದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮಾಲೇಕಲ್ಲಿನ ಬೆಟ್ಟದ ಗುಡಿಗೆ ಜೀಪಿನಲ್ಲೇ ಹೋಗಿಬಂದೆ ಎಂದು ನಾನು ವರ್ಷಗಟ್ಟಲೆ ಹೇಳಿಕೊಂಡು ಓಡಾಡಿದ್ದೆ. ಬರುವಾಗ ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದದ್ದನ್ನು ಹೇಳಿರಲಿಲ್ಲ.

ಪಕ್ಕದಲ್ಲಿ ಕೂತು ದಾರಿ ಹೇಳುವವರು ಒಬ್ಬರು ಇರಲೇಬೇಕು ಎಂದು ರೇಸಿನ ನಿಯಮವಿತ್ತು. ಅವರಿಗೆ ಲೈಸೆನ್ಸ್ ಬೇಕಿಲ್ಲ, ಆದರೆ ಅವರು ಸ್ಟೀರಿಂಗ್ ಹಿಡಿದರೆ ಗಾಡಿ ಔಟು. ನನ್ನ ಗೆಳೆಯರಲ್ಲಿ ಒಬ್ಬನಿಗೆ ಸಕ್ಕರೆ, ಒಬ್ಬನಿಗೆ ಮಂಡಿ, ಒಬ್ಬನಿಗೆ ಹೆಂಡತಿಯ ಭಯ. ಹೀಗಾಗಿ ದಾರಿ ಹೇಳುವವಳೂ ಅಕ್ಕನೇ ಆದಳು, ತೀರ್ಪು ಹೇಳುವವಳೂ ಅಕ್ಕನೇ ಆದಳು.

ಅರಸೀಕೆರೆಯ ಮೆಕ್ಯಾನಿಕ್ ಬಾಷಾ ಎರಡು ತಿಂಗಳು ಜೀಪಿನ ಕೆಳಗೇ ಮಲಗಿ ಅದಕ್ಕೆ ಜೀವ ಬರಿಸಿದ. "ಇಂಜಿನ್ ಗಟ್ಟಿ ಐತೆ ಸಾರ್. ಡ್ರೈವರ್ ವಿಚಾರ ನಾನು ಹೇಳಕ್ಕಾಗಲ್ಲ" ಎಂದ. ಪರೀಕ್ಷೆ ಮಾಡಲು ಮೂವರೂ ಬೇಲೂರಿಗೆ ಹೊರಟೆವು. ದೇವಸ್ಥಾನದ ಮುಂದೆ ಶಾಲಾ ಪ್ರವಾಸದ ಬಸ್ಸುಗಳ ನಡುವೆಯೇ ಜೀಪು ನಿಂತುಬಿಟ್ಟಿತು. ಮಕ್ಕಳೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ನಾನು ತಳ್ಳುವವರನ್ನು ಹುಡುಕುತ್ತಿದ್ದೆ, ಬಾಷಾ ಬಾನೆಟ್ಟಿನೊಳಗೆ ತಲೆಯಿಟ್ಟಿದ್ದ, ಅಕ್ಕ ಒಬ್ಬಳೇ ಒಳಗೆ ಹೋಗಿ ದೇವಸ್ಥಾನ ನೋಡಿಕೊಂಡು ಬಂದಳು. ಹಳೇಬೀಡಿಗೆ ಹೋಗುವ ಹೊತ್ತಿಗೆ ಸ್ಟಾರ್ಟರು ಪೂರ್ತಿ ಕೈಕೊಟ್ಟಿತ್ತು. ಇಳಿಜಾರು ಇರುವ ಕಡೆ ಮಾತ್ರ ನಿಲ್ಲಿಸಬೇಕಾಯಿತು. ಮರಳುಗಾಡಿನಲ್ಲಿ ದಿಬ್ಬಗಳು ಬೇಕಾದಷ್ಟಿರುತ್ತವೆ ಎಂದು ನಾನು ಬಾಷಾನಿಗೇ ಧೈರ್ಯ ಹೇಳಿದೆ. ಅವನು ನನ್ನನ್ನೇ ಒಮ್ಮೆ ನೋಡಿ ಹೊಸ ಸ್ಟಾರ್ಟರು ಹಾಕಿದ.

ನಮ್ಮ ಕಡೆಯ ಕೊಬ್ಬರಿ ಲಾರಿಯಲ್ಲಿ ಉತ್ತರಕ್ಕೆ ಹೋಗುತ್ತದಲ್ಲ, ಅಂಥದೇ ಒಂದು ಲಾರಿಯಲ್ಲಿ ಮುಂದೆ ಮೂಟೆ, ಹಿಂದೆ ಜೀಪು ಹೋಯಿತು. ಜೀಪಿನೊಳಗೆ ಅಕ್ಕ ಎರಡು ಮೂಟೆ ಸುಲಿದ ಕಾಯಿ ಹಾಕಿಸಿದ್ದಳು. "ಖಾಲಿ ಗಾಡಿ ಕುಣೀತದೆ. ಹಿಂದುಗಡೆ ಭಾರ ಇರ್ಬೇಕು" ಎಂದಳು. ತೋಟದ ದಾರಿಯಲ್ಲಿ ಅದು ನಿಜ. ಭಾರ ಹಾಕಿದ ಮೇಲೆ ಟೈರಿಗೆ ಗಾಳಿ ಗಟ್ಟಿಯಾಗಿ ಹೊಡೆಸಬೇಕು, ತೋಟದ ದಾರಿಯಲ್ಲಿ ಅದೂ ನಿಜ. ಹಾಗೇ ಹೊಡೆಸಿದೆ. ತೆಂಗಿನ ನಾಡಿನವರು ಮಾತ್ರ ಮಾಡಬಹುದಾದ ಈ ತಪ್ಪನ್ನು ನಾವಿಬ್ಬರೂ ಒಮ್ಮತದಿಂದ ಮಾಡಿದೆವು. ನಮ್ಮಿಬ್ಬರಿಗೂ ಒಮ್ಮತವಾದ ವಿಷಯ ಅದೊಂದೇ ಇರಬೇಕು.

ರೇಸಿನ ಮೈದಾನದಲ್ಲಿ ಹೊಸ ಗಾಡಿಗಳೆಲ್ಲ ಬಣ್ಣ ಬಳಿದುಕೊಂಡು ಗುರುಗುಟ್ಟುತ್ತಿದ್ದವು. ಹಳೇ ಜೀಪುಗಳ ವಿಭಾಗದಲ್ಲಿ ನಾವು ನಾಲ್ಕೇ ಜನ. ಅಕ್ಕ ಸೀರೆಯ ಸೆರಗು ಬಿಗಿದು, ಕಾಲಿಗೆ ಕ್ಯಾನ್ವಾಸ್ ಶೂ ಹಾಕಿ, ಕುಂಕುಮದ ಮೇಲೆ ಹೆಲ್ಮೆಟ್ ಇಟ್ಟುಕೊಂಡು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ದೊಡ್ಡ ಮೀಸೆಯ ರಜಪೂತ ಸರದಾರರೊಬ್ಬರು ಬಂದು ತಮ್ಮ ಗಾಡಿಗೂ ನಾಲ್ಕು ನಿಂಬೆಹಣ್ಣು ಕೇಳಿ ಇಸಕೊಂಡು ಹೋದರು. ಮೊದಲ ದಿನ ನಾಲ್ಕರಲ್ಲಿ ನಾವು ನಾಲ್ಕನೆಯವರಾದೆವು. ಎರಡನೇ ದಿನವೂ ಅಷ್ಟೇ. ಆದರೆ ಹೊತ್ತಿಗೆ ಮೊದಲೇ ಮುಟ್ಟಿದ್ದೆವು, ಕರಾರಿಗೆ ಅಷ್ಟು ಸಾಕಿತ್ತು. ಅಕ್ಕ ಬೇಗ ಉಂಡು ಮಲಗಿದಳು. ನಾನು ಮಾತ್ರ ಊಟದ ಟೆಂಟಿನಲ್ಲಿ ಕೂತು, ಹೊಯ್ಸಳರೂ ಆನೆ ಕುದುರೆಗಳ ಮೇಲೆ ಹೀಗೇ ಹೋಗುತ್ತಿದ್ದರು ಎಂದು ಯಾರೂ ಕೇಳದಿದ್ದರೂ ಎಲ್ಲರಿಗೂ ಹೇಳಿದೆ.

ಮೂರನೇ ದಿನ ಸಂಜೆ ಆರರೊಳಗೆ ಕೊನೆಯ ಗೆರೆ ಮುಟ್ಟಬೇಕಿತ್ತು. ಎಷ್ಟು ದೂರಕ್ಕೆ ಯಾವ ಕಡೆ ತಿರುಗಬೇಕು ಎಂದು ಬಾಣ ಬರೆದ ಪುಸ್ತಕವೊಂದನ್ನು ಕೊಟ್ಟಿದ್ದರು. ಅಕ್ಕ ಕನ್ನಡಕ ಏರಿಸಿ ಅದನ್ನು ಅಚ್ಚುಕಟ್ಟಾಗಿ ಓದುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ನನಗೆ ನನ್ನ ಬುದ್ಧಿವಂತಿಕೆ ತೋರಿಸುವ ಚಪಲ ಹತ್ತಿತು. ಒಂದು ದಿಬ್ಬ ಸುತ್ತಿಕೊಂಡು ಮತ್ತೆ ಅಲ್ಲಿಗೇ ಬಂದು ಬೇರೆ ದಾರಿ ಹಿಡಿಯಬೇಕಿತ್ತು. ಆ ಜಾಗದಲ್ಲಿ ಒಂದು ಒಂಟೆ ನಿಂತಿತ್ತು. "ಪುಸ್ತಕ ಬಿಡಕ್ಕ, ಆ ಒಂಟೆ ಗುರುತಿಟ್ಕೊಂಡಿದೀನಿ. ಅದರ ಹತ್ರ ಬಂದಾಗ ಬಲಕ್ಕೆ" ಎಂದೆ.

"ಒಂಟೆ ನಡೀತದೆ ಕಣ್ಲಾ" ಎಂದಳು ಅಕ್ಕ.

"ಅದು ಬೆಳಿಗ್ಗೆಯಿಂದ ಅಲ್ಲೇ ನಿಂತಿದೆ" ಎಂದೆ. ಬೆಳಿಗ್ಗೆ ನಾವು ಅಲ್ಲಿಗೆ ಬಂದೇ ಇರಲಿಲ್ಲ. ದಿಬ್ಬ ಸುತ್ತಿ ಬಂದಾಗ ಒಂಟೆ ಕಂಡಿತು, ನಾನು ಗೆದ್ದವನ ಹಾಗೆ ಬಲಕ್ಕೆ ತಿರುಗಿಸಿದೆ. ಎಂಟು ಮಾರು ಹೋಗುವಷ್ಟರಲ್ಲಿ ಕಲ್ಲಿನಂತೆ ಗಟ್ಟಿಯಾಗಿದ್ದ ಟೈರುಗಳು, ಬೆನ್ನ ಹಿಂದಿನ ಎರಡು ಮೂಟೆ ಕಾಯಿಯ ಸಮೇತ, ಮರಳಿನೊಳಗೆ ಅಚ್ಚಿನವರೆಗೂ ಇಳಿದವು. ಒಂಟೆ ಅಷ್ಟು ಹೊತ್ತಿಗೆ ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತಿತ್ತು.

ಇಳಿದು ಚಕ್ರದ ಕೆಳಗೆ ಹಲಗೆ ಕೊಡಲು ಬಗ್ಗಿದೆ. ಬಗ್ಗಿದವನು ಮೇಲೆ ಏಳಲಿಲ್ಲ, ಸೊಂಟ ಹಿಡಿದುಕೊಂಡುಬಿಟ್ಟಿತು. ಅಕ್ಕ ನನ್ನನ್ನು ಹಾಗೇ ಮಡಿಸಿದ ಭಂಗಿಯಲ್ಲೇ ನಡೆಸಿಕೊಂಡು ಹೋಗಿ ಗಾಡಿಯ ನೆರಳಿನಲ್ಲಿ ಒರಗಿಸಿ, ತಾನೇ ಮರಳು ತೋಡತೊಡಗಿದಳು. ಅಷ್ಟರಲ್ಲಿ ಒಂಟೆಯ ಯಜಮಾನ ಬಂದ. ಕೆಂಪು ಮುಂಡಾಸಿನ ಮುದುಕ. ನಾನು ಪರೀಕ್ಷೆ ಪಾಸುಮಾಡಿದ್ದ ಹಿಂದಿಯಲ್ಲಿ ಕಷ್ಟ ಹೇಳಿಕೊಂಡೆ. ಅವನು ಟೈರನ್ನು ಕಾಲಿನಿಂದ ಒದ್ದುನೋಡಿ ನಕ್ಕ. ಒಂಟೆಯನ್ನು ಎಳೆದುತಂದು ಅದರ ಪಾದ ತೋರಿಸಿದ. ಊರಿದಾಗ ಪಾದ ಮೆತ್ತಗೆ ಅಗಲವಾಗುತ್ತಿತ್ತು. "ಗಾಳಿ ಬಿಡಿಸ್ಬೇಕಂತೆ ಕಣ್ಲಾ" ಎಂದಳು ಅಕ್ಕ, ಅವಳಿಗೆ ಭಾಷೆಯ ಹಂಗಿಲ್ಲದೆ ಅರ್ಥವಾಗಿತ್ತು. ಅರ್ಧ ಗಾಳಿ ಬಿಟ್ಟಳು. ಮೂಟೆಗಳನ್ನು ಇಳಿಸಿದಳು. ಕೃತಜ್ಞತೆಗೆಂದು ಒಂದು ಒಳ್ಳೇ ಕಾಯಿ ಆರಿಸಿ, ಎರಡು ಕೈಯಲ್ಲಿ ಹಿಡಿದು ಮುದುಕನಿಗೆ ಕೊಟ್ಟಳು.

ಮುದುಕ ಬೆಚ್ಚಿ ಹಿಂದೆ ಸರಿದ. ಆಮೇಲೆ ನನ್ನನ್ನು ಏನೋ ಕೇಳಿದ.

"ಏನಂತೆ?" ಎಂದಳು ಅಕ್ಕ.

"ಅವರಲ್ಲಿ ಹೆಣ್ಣಿನ ಕಡೆಯವರು ಗಂಡಿನ ಮನೆಗೆ ಕಾಯಿ ಕೊಟ್ರೆ ಸಂಬಂಧ ಕೇಳಿದ ಹಾಗಂತೆ. ಮೊಮ್ಮಗ ಇನ್ನೂ ಚಿಕ್ಕವನಂತೆ. ಹುಡುಗಿ ಯಾರು ಅಂತ ಕೇಳ್ತಿದಾನೆ."

"ಮೊಮ್ಮಗನಿಗಲ್ಲ, ಅವನಿಗೇ ಕೊಟ್ಟಿದ್ದು, ಹುಡುಗಿ ನಾನೇ ಅಂತ ಹೇಳು" ಎಂದಳು ಅಕ್ಕ. ನಾನು ಹೇಳಿದೆ. ಮುದುಕ ಮುಂಡಾಸು ಬಿಚ್ಚಿ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕ. ಅಕ್ಕನೂ ಮರಳಿನ ಮೇಲೆ ಕೂತು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ನಗಲು ನನಗೂ ಆಸೆಯಿತ್ತು, ಸೊಂಟ ಬಿಡಲಿಲ್ಲ. ಎರಡು ಮೂಟೆಯೂ ಒಂಟೆಯ ಮೇಲೇರಿ ಮುದುಕನ ಮನೆಗೆ ಹೋದವು.

ಗಾಡಿ ಮೇಲೆ ಬಂತು. ಆದರೆ ಓಡಿಸುವುದು ಯಾರು? ಆ ಜೀಪಿನ ಕ್ಲಚ್ಚು ತುಳಿಯಲು ಇಡೀ ಮೈಯ ಬಲ ಬೇಕು. ನಾನು ತುಳಿಯಲು ಹೋಗಿ ಅಮ್ಮಾ ಎಂದು ಕೂಗಿದೆ. ಅಕ್ಕ ಬಂದು ನನ್ನನ್ನು ಪಕ್ಕದ ಸೀಟಿಗೆ ಸರಿಸಿ ತಾನು ಸ್ಟೀರಿಂಗಿನ ಮುಂದೆ ಕೂತಳು.

"ನಿನಗೆ ಬರಲ್ಲ ಅಕ್ಕ" ಎಂದೆ.

"ಐವತ್ತು ವರ್ಷದಿಂದ ನೋಡ್ತಾ ಇವ್ನಿ. ಇಲ್ಲಿ ಗುದ್ದಕ್ಕಾದ್ರೂ ಏನೈತೆ?" ಎಂದಳು. ಕಣ್ಣು ಹಾಯಿಸಿದೆ. ನಿಜ, ಒಂದು ಬಣವೆ ಕೂಡ ಇರಲಿಲ್ಲ.

ಎರಡು ಸಲ ಜೀಪು ಮುಗ್ಗರಿಸಿ ನಿಂತಿತು. ಮೂರನೇ ಸಲ ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಅವಳು ಎರಡನೇ ಗೇರು ಹಾಕಿದಳು, ಹಾಕಿದ್ದು ನನಗೆ ಗೊತ್ತೇ ಆಗಲಿಲ್ಲ. ಒಂದು ಸದ್ದಿಲ್ಲ. ನಾನು ಅವಳ ಮುಖ ನೋಡಿದೆ. ಅವಳು ಮುಂದೆ ನೋಡುತ್ತಲೇ ಮಾತಾಡಿದಳು.

"ನಿಂಗೆ ಕಲಿಸ್ತಿದ್ನಲ್ಲ ಅಪ್ಪ, ಆಗ ನಾನೂ ಕೇಳಿದ್ದೆ. ನಂಗೂ ಕಲ್ಸಪ್ಪ ಅಂದೆ. 'ನೀನ್ಯಾಕವ್ವ ಕಲೀಬೇಕು, ನಿನ್ ತಮ್ಮ ಕಲಿತಾವ್ನೆ, ಎಲ್ಲಿಗ್ ಬೇಕಾದ್ರೂ ಕರ್ಕೊಂಡು ಹೋಯ್ತಾನೆ' ಅಂದ." ಸ್ಟೀರಿಂಗು ತುಸು ತಿರುಗಿಸಿ, "ಎಲ್ಲಿಗ್ ಕರ್ಕೊಂಡು ಹೋದೆ ನೀನು?" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಲೆಕ್ಕ ಹಾಕುತ್ತಿದ್ದಳು.

ನಾನೂ ಹುಡುಕಿದೆ. ಹುಡುಕಿ ಹುಡುಕಿ, "ಬೇಲೂರಿಗೆ ಹೋಗಿದ್ವಲ್ಲ, ಮೊನ್ನೆ" ಎಂದೆ. ವರ್ಷಾ ವರ್ಷ ಕಾಲೇಜಿನ ಹುಡುಗರನ್ನು ಬಸ್ಸಿನಲ್ಲಿ ತುಂಬಿಸಿಕೊಂಡು ಬೇಲೂರು ಹಳೇಬೀಡು ತೋರಿಸಿದವನು ನಾನು. ಅಲ್ಲಿನ ಒಂದೊಂದು ಕಲ್ಲಿನ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲೆ. ಅಕ್ಕ ಆ ದೇವಸ್ಥಾನವನ್ನು ಮೊದಲು ಕಂಡದ್ದು ತನ್ನ ಅರವತ್ತೈದನೇ ವಯಸ್ಸಿನಲ್ಲಿ, ಅದೂ ನನ್ನ ಗಾಡಿ ಕೆಟ್ಟು ನಿಂತಿದ್ದರಿಂದ. ಜೀಪು ಕಂಡರೆ ಅವಳಿಗೆ ಯಾಕೆ ಆಗುತ್ತಿರಲಿಲ್ಲ ಎಂದು ಆಗ ಗೊತ್ತಾಯಿತು. ನನಗೆ ನಾಚಿಕೆಯಾಯಿತು. ಬಾಣದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಅದರಲ್ಲಿದ್ದ ಹಾಗೆಯೇ ತಿರುವು ಹೇಳುತ್ತ ಹೋದೆ.

ಕೊನೆಯ ದಿಬ್ಬ ಹತ್ತಿದಾಗ ದೂರದಲ್ಲಿ ಗೆರೆ ಕಂಡಿತು. ಬಾವುಟ, ಶಾಮಿಯಾನ, ಜನ. ಗಡಿಯಾರ ನೋಡಿದೆ. ಆರಕ್ಕೆ ಇನ್ನೂ ಹನ್ನೆರಡು ನಿಮಿಷವಿತ್ತು. ನನ್ನ ಹಳೇ ಬುದ್ಧಿ ತಟ್ಟನೆ ಎದ್ದು ಕೂತಿತು. "ಅಕ್ಕ, ಇಲ್ಲೇ ದಿಬ್ಬದ ಹಿಂದೆ ನಿಲ್ಸು. ಯಾರಿಗೂ ಕಾಣಲ್ಲ. ಜಾಗ ಬದಲಾಯಿಸ್ಕೊಳ್ಳಾಣ. ಇಳಿಜಾರು ಇದೆ, ನಾನು ಹೆಂಗೋ ಉರುಳಿಸ್ಕೊಂಡು ಹೋಗ್ತೀನಿ. ಗೆರೆ ಮುಟ್ಟಿದ ಹಂಗಾಯ್ತದೆ" ಎಂದೆ.

ಅಕ್ಕ ನಿಲ್ಲಿಸಿದಳು. ಇಂಜಿನ್ನು ಆಫ್ ಮಾಡಲಿಲ್ಲ. ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು ಕೆಳಗಿನ ಬಾವುಟ ನೋಡುತ್ತ ಕೂತಳು. ಅವಳು ಇಳಿದರೆ ಜೀಪು ಉಳಿಯುತ್ತಿತ್ತು. ಇಳಿಯದಿದ್ದರೆ ಹೋಗುತ್ತಿತ್ತು. ಇಳಿ ಎಂದು ಇನ್ನೊಂದು ಮಾತು ಹೇಳಿದ್ದರೆ ಇಳಿದುಬಿಡುತ್ತಿದ್ದಳೋ ಏನೋ. ಜನ್ಮದಲ್ಲಿ ನಾನು ಮಾತಾಡದೆ ಇದ್ದು ಒಳ್ಳೆಯದು ಮಾಡಿದ್ದು ಬಹುಶಃ ಅದೊಂದೇ ಸಲ.

"ನಾನಿಳಿಯಲ್ಲ ಕಣೋ" ಎಂದಳು. ದನಿ ಸಣ್ಣಗಾಗಿತ್ತು. "ಇಷ್ಟು ದೂರ ಓಡ್ಸಿವ್ನಿ. ನಾನೇ ಮುಟ್ಟಿಸ್ತೀನಿ."

"ಆಯ್ತು ನಡಿ" ಎಂದೆ.

ಇಳಿಜಾರಿನಲ್ಲಿ ಜೀಪು ಮೂರನೇ ಗೇರಿನಲ್ಲಿ ಇಳಿಯಿತು. ಸ್ಟೀರಿಂಗಿನಲ್ಲಿ ಸೀರೆ ಉಟ್ಟ ಮುದುಕಿಯನ್ನು ಕಂಡು ಜನ ಮೊದಲು ಸುಮ್ಮನಾದರು, ಆಮೇಲೆ ಕೂಗಿದರು. ನಿಂಬೆಹಣ್ಣಿನ ಸರದಾರರು ಪೇಟ ಎತ್ತಿ ಬೀಸಿದರು. ಆರಕ್ಕೆ ಏಳು ನಿಮಿಷವಿರುವಾಗ ನಾವು ಗೆರೆ ಮುಟ್ಟಿದೆವು. ಪುಸ್ತಕ ಹಿಡಿದಿದ್ದ ಅಧಿಕಾರಿ ಅಕ್ಕನನ್ನು ನೋಡಿ, ನನ್ನನ್ನು ನೋಡಿ, ಬಹಳ ಸಂಕಟದಿಂದ ನಮ್ಮ ಗಾಡಿಯ ಹೆಸರಿನ ಮುಂದೆ ಅಡ್ಡಗೀಟು ಎಳೆದ. ಔಟು. ಅಕ್ಕ ಅವನಿಗೂ ಒಂದು ಕಾಯಿ ಕೊಡೋಣವೆಂದು ಹಿಂದೆ ನೋಡಿದಳು. ಒಂದೂ ಉಳಿದಿರಲಿಲ್ಲ.

ಊರಿಗೆ ಬಂದ ಮೇಲೆ ಎಂಟು ದಿನ ಅವಳು ಜೀಪಿನ ಮಾತೆತ್ತಲಿಲ್ಲ. ನಾನು ಪೇಟೆಯ ಮನೆಯಲ್ಲಿ ಸೊಂಟಕ್ಕೆ ಶಾಖ ಕೊಡಿಸಿಕೊಂಡು ಬಿದ್ದಿದ್ದೆ. ಜೀಪು ಇನ್ನು ಗುಜರಿಗೇ ಹೋಗುತ್ತದೆ ಎಂದುಕೊಂಡೆ. ಕರಾರು ನಾನೇ ಒಪ್ಪಿದ್ದು, ಬಾಯಿ ಬಿಡುವಂತಿಲ್ಲ. ಒಂಬತ್ತನೇ ದಿನ ಬೆಳಿಗ್ಗೆ ಕಣಕಟ್ಟೆ ಬಸ್ಸಿನಲ್ಲಿ ಅಕ್ಕ ಬಂದಳು. ಕಾಫಿ ಬೇಡವೆಂದಳು. ಕುರ್ಚಿಯ ತುದಿಯಲ್ಲಿ ಕೂತು ಪಂಚಾಯ್ತಿ ಶುರುಮಾಡಿದಳು.

"ಮಾತು ಏನಾಗಿತ್ತು?"

"ಗೆರೆ ಮುಟ್ಟದಿದ್ರೆ ಜೀಪು ನಂದಲ್ಲ ಅಂತ."

"ಮುಟ್ಟಿದ್ವಾ?"

"ಅವರ ಪುಸ್ತಕದಲ್ಲಿ ಇಲ್ಲ."

"ಹಂಗಾದ್ರೆ ನಿಂದಲ್ಲ."

"ನಂದಲ್ಲ" ಎಂದೆ. ಗುಜರಿಯವನು ಯಾವಾಗ ಬರುತ್ತಾನೆ ಎಂದು ಕೇಳುವ ಧೈರ್ಯ ಬರಲಿಲ್ಲ.

ಅಕ್ಕ ಕೈಚೀಲದಿಂದ ಒಂದು ಕಾಗದ ತೆಗೆದು ನನ್ನ ಹಾಸಿಗೆಯ ಮೇಲಿಟ್ಟಳು. ಮೂಲೆಯಲ್ಲಿ ಅವಳ ಫೋಟೋ ಇತ್ತು, ಕಣ್ಣು ಅಗಲ ಬಿಟ್ಟುಕೊಂಡು ಬಹಳ ಗಂಭೀರವಾಗಿದ್ದಳು. ಗಾಡಿ ಕಲಿಯುವವರಿಗೆ ಕೊಡುವ ಲೈಸೆನ್ಸು. ಡಾಕ್ಟರ ಹತ್ತಿರ ಕಣ್ಣು ತೋರಿಸಿ, ಪರೀಕ್ಷೆ ಬರೆದು, ಒಬ್ಬಳೇ ಓಡಾಡಿ ಮಾಡಿಸಿಕೊಂಡಿದ್ದಳು. ನಾನು ಅದನ್ನು ಎರಡು ಸಲ ಓದಿದೆ. ಓದುವಾಗ ಅಕ್ಷರ ಮಂಜಾಯಿತು, ಕನ್ನಡಕದ ತಪ್ಪೇನಿರಲಿಲ್ಲ.

"ಪೂರ್ತಿ ಲೈಸೆನ್ಸು ಬರೋಗಂಟ ಪಕ್ಕದಲ್ಲಿ ಲೈಸೆನ್ಸ್ ಇರೋರು ಒಬ್ರು ಕೂತಿರ್ಬೇಕಂತೆ" ಎಂದಳು ಅಕ್ಕ. "ಕ್ಲಚ್ ತುಳಿಯಂಗಿಲ್ಲ, ಗೇರ್ ಮುಟ್ಟಂಗಿಲ್ಲ, ಪಾಠ ಮಾಡಂಗಿಲ್ಲ. ಸುಮ್ನೆ ಕೂತಿರ್ಬೇಕು. ಆಯ್ತದೇನ್ಲಾ ನಿನ್ ಕೈಲಿ?"

"ಆಗುತ್ತೆ ಅಕ್ಕ" ಎಂದು ಎದ್ದು ಚಪ್ಪಲಿ ಹುಡುಕಿದೆ.